ಇಂಜಿನ್ ಓಡುತ್ತಿರುವಾಗಲೇ ನೋಡಬೇಕು

ರಾಡ್ಕೊ ಮತ್ತೆ ಆಕ್ಸಲರೇಟರ್ ಒತ್ತಿದ. ಇಂಜಿನ್ ಅಬ್ಬರಿಸಿತು. ಕಾರು ಮಾತ್ರ ಗೇಣಷ್ಟು ಮುಂದೆ ಹೋಗಿ, ಏರಿನ ಬುಡಕ್ಕೇ ಜಾರಿ ಬಂತು. ಮುಂದೆ ಹೊರಟಿದ್ದ ಶವದ ಗಾಡಿ ಅಕ್ರೋಟ ಮರದ ತಿರುವಿನಲ್ಲಿ ನಿಂತುಕೊಂಡಿತು. ಅದರಲ್ಲಿ ಅವನ ಹೆಂಡತಿ ವೆಲಿಕಾ ಇದ್ದಳು.

"ಅಪ್ಪಾ, ಬಿಡು. ಆ ಗಾಡೀಲೇ ಡ್ರೈವರ್ ಪಕ್ಕ ಕೂತ್ಕೊ," ಎಂದು ಮಗಳು ದೆನಿತ್ಸಾ ಕಿಟಕಿಗೆ ಬಾಗಿ ಹೇಳಿದಳು.

"ಹೇರ್ಕೊಂಡು ಹೋಗೋಕೆ ನಾನೇನು ಮೂಟೆನಾ? ನಿಮ್ಮಮ್ಮನ ಹಿಂದೆ ನಾನೇ ಹೋಗ್ತೀನಿ."

ನಡೆದು ಹೋಗುವಂತಿರಲಿಲ್ಲ. ಎಡಗಾಲನ್ನು ಕಲ್ಲುಗಣಿ ನುಂಗಿತ್ತು. ಕಟ್ಟಿಕೊಂಡ ಕೃತಕ ಕಾಲಿನಲ್ಲಿ ಅಂಗಳ ದಾಟುವುದೇ ಅವನಿಗೆ ದೊಡ್ಡ ಮಾತು, ಸ್ಮಶಾನವೋ ಗುಡ್ಡದ ನೆತ್ತಿಯಲ್ಲಿ. ತಾನಾಗಿ ಗೇರು ಬದಲಿಸುವ ಈ ಹಳೆಯ ಕಾರಿಗೆ ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವಿಲ್ಲ. ಅದಕ್ಕೆಂದೇ ವೆಲಿಕಾ ಎಲ್ಲೆಲ್ಲೋ ವಿಚಾರಿಸಿ ಅದನ್ನು ತರಿಸಿದ್ದಳು.

ಪಕ್ಕದ ಮನೆಯ ಗಾಂಚೊ ಇಂಜಿನ್ ಆರಿಸಿ ಬಾನೆಟ್ ಎತ್ತಿದ. ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಕರವಸ್ತ್ರದಲ್ಲಿ ಒರೆಸಿ, ಅದ್ದಿ ತೆಗೆದು ನೋಡಿದ.

"ಎಣ್ಣೆ ಬೇಕಾದಷ್ಟಿದೆ ಅಣ್ಣ. ಗೇರ್‌ಬಾಕ್ಸೇ ಸತ್ತೋಗಿದೆ."

"ಬಾಯಿಗೆ ಬೂದಿ ಹಾಕ! ಇವತ್ತು ಆಡೋ ಮಾತೇನೋ ಅದು?" ಎಂದು ಅವನ ತಾಯಿ ಸ್ತಾನ್ಕಾ ಬೆನ್ನಿಗೊಂದು ಗುದ್ದಿದಳು.

ಪಾದ್ರಿ ನಿಲುವಂಗಿಯನ್ನು ಎತ್ತಿಕೊಂಡು ಏರಿಳಿದು ಬಂದರು. "ಕಾಯ್ತೀನಿ ರಾಡ್ಕೊ. ಅವಸರ ಪಡಬೇಡ. ವೆಲಿಕಾಗೂ ಇವತ್ತು ಬೇರೆ ಕೆಲಸ ಇಲ್ಲ."

⁂

ಕಾಲು ಕಳೆದುಕೊಂಡ ವರ್ಷ ರಾಡ್ಕೊ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. ವೆಲಿಕಾ ಜಾಮ್ ಕಾರ್ಖಾನೆಗೆ ಹೋಗುವಾಗ ಎಲ್ಲಿ ಕೂತಿರುತ್ತಿದ್ದನೋ, ಬರುವಾಗಲೂ ಅಲ್ಲೇ. ಕಾರು ಬಂದ ಮೇಲೆ ತುಸು ಗೆಲುವಾದ. ಆದರೆ ಮೊದಲ ಚಳಿಗಾಲಕ್ಕೇ ಅದು ಏರಿನಲ್ಲಿ ಜಾರತೊಡಗಿತು. ಪೇಟೆಯ ಮೆಕ್ಯಾನಿಕ್, ಇಂಥ ಗೇರ್‌ಬಾಕ್ಸ್ ನಾವು ಬಿಚ್ಚುವುದಿಲ್ಲ, ಗುಜರಿಗೆ ಹಾಕಿ ಎಂದ.

"ನಾವೇ ಬಿಚ್ಚೋಣ. ನೀನು ಕಾರಿನ ಕೆಳಗೆ ಮಲಗು, ನಾನು ದೀಪ ಹಿಡೀತೀನಿ," ಎಂದಳು ವೆಲಿಕಾ.

"ಒಂಟಿ ಕಾಲಿನವನು?"

"ಕಾರಿನಡಿ ಮಲಗೋಕೆ ಎಷ್ಟು ಕಾಲು ಬೇಕಪ್ಪಾ?"

ಅಪಘಾತವಾದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಜ್ಯಾಕ್ ಮೇಲೆ ಇಳಿಸಿಕೊಂಡ ಗೇರ್‌ಬಾಕ್ಸ್ ಅಡುಗೆಮನೆಯ ಮೇಜನ್ನು ಹತ್ತಿತು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಅವಳು ಕೇಕ್ ತಟ್ಟೆಗಳಲ್ಲಿ ಜೋಡಿಸಿ, ದೂಳು ಕೂರದಂತೆ ಮಸ್ಲಿನ್ ಬಟ್ಟೆ ಹೊದಿಸಿದಳು. ತಟ್ಟೆ ಮುಟ್ಟಿದರೆ ಕೈ ಮುರಿದೇನು ಎಂದು ಪುಟ್ಟ ದೆನಿತ್ಸಾಳಿಗೆ ಹೆದರಿಸಿದಳು. ಒಳಗಿನ ರಬ್ಬರ್ ಬಳೆಗಳು ಒಣಗಿದ ಕಿತ್ತಳೆ ಸಿಪ್ಪೆಯಂತಾಗಿದ್ದವು. ಎಣ್ಣೆಯ ಒತ್ತಡ ಅಲ್ಲೇ ಸೋರಿಹೋಗಿ ಹಿಡಿತ ತಪ್ಪುತ್ತಿತ್ತು. ಹೊಸ ಬಳೆಗಳು ಬಂದಾಗ, ಮಗಳ ಒಡೆದ ತುಟಿಗೆಂದು ಇಟ್ಟಿದ್ದ ವ್ಯಾಸಲೀನ್ ಸವರಿ ಮೆಲ್ಲನೆ ಕೂರಿಸಿದರು. ಅಲ್ಲಿಯವರೆಗೂ ಮನೆಯವರೆಲ್ಲ ಕಿಟಕಿಯ ಕಟ್ಟೆಯ ಮೇಲೆ ತಟ್ಟೆಯಿಟ್ಟುಕೊಂಡು ನಿಂತೇ ಉಂಡರು.

ಕಾರು ಗುಡ್ಡ ಹತ್ತಿದ ದಿನ ರಾಡ್ಕೊಗೆ ಹೆಂಡತಿಗೆ ಏನಾದರೂ ಹೇಳಬೇಕೆನಿಸಿತು. ಕಡೆಗೆ, "ಇವತ್ತು ಸೂಪಿಗೆ ಉಪ್ಪು ಕಮ್ಮಿ ಆಗಿತ್ತು," ಎಂದ. ವೆಲಿಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

⁂

"ಗಾಂಚೊ, ಇಂಜಿನ್ ಯಾಕೆ ಆರಿಸ್ದೆ?" ದೆನಿತ್ಸಾ ಥಟ್ಟನೆ ಕೇಳಿದಳು. "ಆರಿಸಿದ್ರೆ ಎಣ್ಣೆಯೆಲ್ಲ ಕೆಳಗಿಳಿದು ಜಾಸ್ತಿ ತೋರಿಸುತ್ತೆ. ಅಮ್ಮ ಓಡ್ತಿರುವಾಗಲೇ ನೋಡೋಳು. ಪ್ರತಿ ಶನಿವಾರ."

"ಪ್ರತಿ ಶನಿವಾರಾನಾ?" ಎಂದ ರಾಡ್ಕೊ.

"ನೀನು ಮಲಗಿರ್ತಿದ್ದೆ ಅಪ್ಪ. ಕಾರು ಬಿಸಿ ಮಾಡಿ, ನೋಡಿ, ಬೇಕಾದ್ರೆ ಒಂದಿಷ್ಟು ಹುಯ್ದು ಬರೋಳು."

ವೆಲಿಕಾ ಕೋಳಿಗೆ ಕಾಳು ಹಾಕಲು ಹೋಗುತ್ತಾಳೆಂದು ಅವನು ಇಷ್ಟು ವರ್ಷ ತಿಳಿದಿದ್ದ. ಅವಳು ಆಸ್ಪತ್ರೆ ಸೇರಿದ ಮೇಲೆ, ಈ ಎರಡು ತಿಂಗಳು, ಎಣ್ಣೆ ನೋಡುವವರೇ ಇರಲಿಲ್ಲ.

ಇಂಜಿನ್ ಚಾಲೂ ಮಾಡಿ ಅದ್ದಿದಾಗ ಕಡ್ಡಿಯ ತುದಿಗಷ್ಟೇ ಎಣ್ಣೆ ತಾಗಿತ್ತು. ರಾಡ್ಕೊ ಅದನ್ನು ಮೂಗಿಗೆ ಹಿಡಿದ. "ಸುಟ್ಟ ವಾಸನೆ ಇಲ್ಲ. ಒಳಗೇನೂ ಕೆಟ್ಟಿಲ್ಲ. ಹೊಟ್ಟೆಗಿಲ್ಲ, ಅಷ್ಟೆ."

ಇಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅವನು ರಸ್ತೆಯ ಮೇಲೆ ಬೆನ್ನು ಚಾಚಿದ.

"ಅಯ್ಯೋ, ಸೂಟು!" ಎಂದು ಸ್ತಾನ್ಕಾ ಕೂಗಿದಳು.

"ಬೈಯೋಳು ಅಲ್ಲಿ ಮಲಗಿದಾಳೆ. ಎದ್ದು ಬಂದು ಬೈಯ್ಲಿ."

ಎಣ್ಣೆ ತಂಪಾಗಲು ಹೋಗುವ ಕೊಳವೆಯ ತುದಿ ಸೀಳಿತ್ತು. ಸೀಳಿದಷ್ಟನ್ನು ಕತ್ತರಿಸಿ, ಉಳಿದದ್ದನ್ನು ಎಳೆದು ಸಿಕ್ಕಿಸಿ ಪಟ್ಟಿ ಬಿಗಿಯಬೇಕು. ದೆನಿತ್ಸಾ ಚಾಕು ಕೊಟ್ಟಳು, ಗಾಂಚೊ ಕೊಳವೆ ಹಿಡಿದ. ಎಲ್ಲರ ಕೈಯೂ ಕೆಂಪು ಎಣ್ಣೆಯಾಯಿತು. ಸ್ತಾನ್ಕಾ ರಾಡ್ಕೊನ ಮನೆಯ ನೆಲಮಾಳಿಗೆಗೆ ಓಡಿ, ಉಪ್ಪಿನಕಾಯಿ ಜಾಡಿಗಳ ನಡುವೆ ವೆಲಿಕಾ ಇಟ್ಟಿದ್ದ, ಮೈಯೆಲ್ಲ ಎಣ್ಣೆ ಮೆತ್ತಿದ ಡಬ್ಬಿಯನ್ನು ಎದೆಗವಚಿಕೊಂಡು ಬಂದಳು.

"ಕೊಡಿ ಇಲ್ಲಿ. ಸತ್ತವರ ಮೇಲೆ ಎಣ್ಣೆ ಹುಯ್ಯೋದು ನನಗೆ ರೂಢಿ," ಎಂದು ಪಾದ್ರಿ ಡಬ್ಬಿ ತೆಗೆದುಕೊಂಡರು. ಅಳುತ್ತಿದ್ದವರೂ ನಕ್ಕರು.

ಇಂಜಿನ್ ಓಡುತ್ತಿರುವಾಗಲೇ ದೆನಿತ್ಸಾ ಅಳೆದಳು. ಸಾಕು ಎಂದಳು. ರಾಡ್ಕೊ ಗೇರು ಹಾಕಿದ. ಕಾರು ಸಣ್ಣಗೆ ಕುಲುಕಿ ನೆಲ ಹಿಡಿಯಿತು. ಶವದ ಗಾಡಿ ಹೊರಟಿತು. ಅದರ ಬೆನ್ನಿಗೇ, ನಡೆಯುವವರ ವೇಗದಲ್ಲಿ, ಅವನು ಏರು ಹತ್ತಿದ. ಪಕ್ಕದಲ್ಲಿ ನಡೆಯುತ್ತಿದ್ದವರು ಆಗಾಗ ಕಾರಿನ ಮೈಮೇಲೆ ಕೈಯಿಡುತ್ತಿದ್ದರು.

ನೆತ್ತಿಯಲ್ಲಿ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಇಳಿಯಿತು. ಪದ್ಧತಿಯಂತೆ ಮೊದಲ ಹಿಡಿ ಮಣ್ಣು ಗಂಡನದು. ರಾಡ್ಕೊ ಗುಂಡಿಯ ಮೇಲೆ ಕೈ ಚಾಚಿ ಮುಷ್ಟಿ ಬಿಚ್ಚಿದ.

ಮಣ್ಣು ಬೀಳಲಿಲ್ಲ. ಎಣ್ಣೆಗೈಗೆ ಕಚ್ಚಿಕೊಂಡಿತು. ದೆನಿತ್ಸಾಳದೂ ಹಾಗೆಯೇ, ಗಾಂಚೊನದೂ, ಸ್ತಾನ್ಕಾಳದೂ, ಪಾದ್ರಿಯದೂ. ಕಪ್ಪು ಬಟ್ಟೆಯಲ್ಲಿ ಅವರೆಲ್ಲ ಗುಂಡಿಯ ಅಂಚಿಗೆ ನಿಂತು, ನಾದಿದ ಹಿಟ್ಟನ್ನು ಕೈಯಿಂದ ಬಿಡಿಸುವಂತೆ, ಬೆರಳು ಬೆರಳಾಗಿ ಉಜ್ಜಿ ಉಜ್ಜಿ, ಅವಳ ಮೇಲೆ ಮಣ್ಣು ಉದುರಿಸುತ್ತಿದ್ದರು.