ಮೂರನೆಯ ಪಿನ್ನು

ಆಂಪ್ಲಿಫೈಯರಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಪರೀಕ್ಷೆಗೆಂದು ಕಟ್ಟಿದ್ದ ಬಲ್ಬು ಒಮ್ಮೆ ಪ್ರಖರವಾಗಿ ಹೊತ್ತಿ, ಮೆಲ್ಲನೆ ಮಂಕಾಯಿತು. ಅದು ಪೂರ್ತಿ ಮಂಕಾಗುವವರೆಗೂ ಆದಿನಾರಾಯಣಪ್ಪ ಕೈ ಕಟ್ಟಿಕೊಂಡು ನಿಂತಿದ್ದರು. ಬೆಳಿಗ್ಗೆ ಇದೇ ಬಲ್ಬು ಉರಿದೇ ಉರಿದಿತ್ತು; ಗಿಟಾರಿನ ಆಂಪ್ಲಿಫೈಯರಿನೊಳಗೆ ಶಾರ್ಟ್ ಆಗಿದೆ ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. ಅವರು ಸತ್ತ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಜೋಡಿಯಾಗಿಯೇ ಬದಲಿಸಿದ್ದರು. ಗಿಟಾರಿನ ವೈರು ಸಿಕ್ಕಿಸುವ ಕಡೆ ಬಿರುಕು ಬಿಟ್ಟಿದ್ದ ಬೆಸುಗೆಯನ್ನು ಹೊಸದಾಗಿ ಹಾಕಿದ್ದರು. ಈಗ ಮೀಟರಿನ ಕಡ್ಡಿಗಳನ್ನು ಸ್ಪೀಕರಿನ ತುದಿಗಳಿಗೆ ಹಿಡಿದರು. ಸೊನ್ನೆ. ಲೋಹದ ಪೆಟ್ಟಿಗೆಗೆ ಕರೆಂಟು ಸೋರುತ್ತಿದೆಯೇ ಎಂದು ಅಳೆದರು. ಅದೂ ಸೊನ್ನೆ.

ದೇವನಹಳ್ಳಿಯ ಆ ಕಿರಿದಾದ ಅಂಗಡಿಯ ಬಾಗಿಲಲ್ಲಿ ಆವತಿಯ ಕೆಂಪರಾಜು ಮತ್ತು ಅವನ ಮಗಳು ಸಿಂಧು ಕಾಯುತ್ತಿದ್ದರು. ಮರುದಿನ ಕಾಲೇಜಿನ ಕಾರ್ಯಕ್ರಮದಲ್ಲಿ ಅವಳು ಗಿಟಾರ್ ನುಡಿಸಬೇಕಿತ್ತು.

ಆದಿನಾರಾಯಣಪ್ಪ ಪ್ಲಗ್ಗನ್ನು ಎತ್ತಿ ತೋರಿಸಿದರು. "ಇದರ ಮೂರನೇ ಪಿನ್ ಕತ್ತರಿಸಿದ್ಯಾರು?"

"ನಾನೇ ಸ್ವಾಮಿ," ಎಂದ ಕೆಂಪರಾಜು. "ಅದಿದ್ದಾಗ ಗಿಟಾರ್ ಮುಟ್ಟಿದ್ರೆ ಮಗಳ ಕೈ ಜುಮ್ ಅಂತಿತ್ತು. ಕತ್ತರಿಸಿದ್ಮೇಲೆ ನಿಂತೋಯ್ತು."

"ಜೀವ ಕಾಯೋ ಪಿನ್ನು ಅದು. ಕಿರುಗುಟ್ಟುತ್ತೆ ಅಂತ ಗಾಡಿ ಬ್ರೇಕ್ ಕಿತ್ತಾಕ್ತೀಯೇನಪ್ಪಾ?"

"ಅದನ್ನೂ ಕಿತ್ತಾಕವ್ರೆ ತಾತ, ಹಿಂದಿನ ಬ್ರೇಕು," ಎಂದಳು ಸಿಂಧು.

ಮುದುಕರು ನಗಲಿಲ್ಲ. ಹೊಸ ಮೂರು ಪಿನ್ನಿನ ಪ್ಲಗ್ಗು ಹಾಕಿ, ಭೂಮಿಗೆ ಹೋಗುವ ಅರ್ಥ್ ತಂತಿಯನ್ನು ಪೆಟ್ಟಿಗೆಗೆ ಬಿಗಿದು ಕೊಟ್ಟರು. ಅಪ್ಪ ಮಗಳು ಸ್ಕೂಟರಿನಲ್ಲಿ ಹೊರಟರು.

ಸಂಜೆಯಾಗುತ್ತಿತ್ತು. ವೈರಿಂಗ್ ಕೆಲಸದ ಬೈರೇಶ್ ಎಂದಿನಂತೆ ಎರಡು ಲೋಟ ಚಹಾ ಹಿಡಿದು ಬಂದು ಸ್ಟೂಲಿನ ಮೇಲೆ ಕುಳಿತ.

"ಏನಣ್ಣೋ, ಮುಖ ಹಿಂಗಿಟ್ಕಂಡಿದ್ದೀಯ? ಚಾ ಕೊಡಿಸ್ದೋನು ನಾನು, ಕಾಸು ಹೋಗಿದ್ದು ನಂದು."

ಆದಿನಾರಾಯಣಪ್ಪನವರಿಗೆ ಒಂದು ಲೆಕ್ಕ ಕೂಡಿ ಬರುತ್ತಿರಲಿಲ್ಲ. ಪಿನ್ನು ಇದ್ದಾಗ ಕೈ ಜುಮ್ಮೆಂದಿತು, ತೆಗೆದಾಗ ನಿಂತಿತು. ಕರೆಂಟು ಪೆಟ್ಟಿಗೆಯೊಳಗಿಂದ ಸೋರುತ್ತಿದ್ದರೆ ಪಿನ್ನು ಕತ್ತರಿಸಿದಾಗ ಜುಮ್ಮೆನ್ನುವುದು ಹೆಚ್ಚಬೇಕಿತ್ತು. ಒಳಗಿನ ಸೋರಿಕೆಯೂ ಸೊನ್ನೆ. ಪೆಟ್ಟಿಗೆಯನ್ನು ಕಳೆದರೆ ಉಳಿಯುವುದು ಮನೆಯ ಗೋಡೆಯ ಸಾಕೆಟ್ಟು. ಕಾಯಬೇಕಾದ ಪಿನ್ನಿನ ದಾರಿಯಲ್ಲೇ ಕರೆಂಟು ಬಂದಿತ್ತು.

"ಬೈರೇಶ, ಆವತಿ ಕೆಂಪರಾಜು ಮಗಳಿಗೆ ಗಿಟಾರ್ ಮುಟ್ಟಿದ್ರೆ ಜುಮ್ ಅಂತಿತ್ತಂತೆ. ಅವರ ಮನೆ ವೈರಿಂಗ್ ಯಾರದು?"

"ನಂದೇ. ಅವರ ಅರ್ಥ್ ಗುಂಡಿ ಒಣಗಿ ಹಾಳಾಗಿತ್ತು. ಉಪ್ಪು, ಇದ್ದಿಲು ಹಾಕಿ ನೀರು ಹುಯ್ಯಿ ಅಂದ್ರೆ ಯಾರು ಕೇಳ್ತಾರೆ? ಹುಡುಗಿ ರೂಮಿನ ಸಾಕೆಟ್ ಒಳಗೆ ಕರೆಂಟ್ ವಾಪಸ್ ಹೋಗೋ ನ್ಯೂಟ್ರಲ್ ತಂತಿ ತಂದು ಅರ್ಥ್ ತೂತಿಗೆ ಸೇರಿಸ್ಬಿಟ್ಟೆ. ಎಲ್ರೂ ಹಂಗೇ ಮಾಡೋದು. ಕಂಬದ ಹತ್ರ ನ್ಯೂಟ್ರಲ್ ಸಡಿಲ ಆಗಿತ್ತು ನೋಡು, ಅದಕ್ಕೇ ಜುಮ್ ಅಂದಿರ್ಬೇಕು. ಈಗ ಚಿಂತೆ ಇಲ್ಲ, ಮಧ್ಯಾಹ್ನ ತಾನೆ ಕಂಬದಿಂದ ಮನೆಗೆ ಹೊಸ ವೈರ್ ಎಳೆದು ಬಂದೆ."

"ಎಂಥ ವೈರು?"

"ಎರಡೂ ಕರೀದು. ಒಳ್ಳೇ ಮಾಲು."

"ಯಾವುದು ಕರೆಂಟ್ ಬರೋ ಲೈನು, ಯಾವುದು ನ್ಯೂಟ್ರಲ್ಲು ಅಂತ ನೋಡಿದ್ಯಾ?"

ಬೈರೇಶ್ ಲೋಟವನ್ನು ಬಾಯಿಂದ ಇಳಿಸಿದ. "ಬಲ್ಬ್ ಹತ್ತಿತಲ್ಲ."

ಬಲ್ಬಿಗೆ ಯಾವ ತಂತಿ ಯಾವ ಕಡೆಯಾದರೂ ಒಂದೇ. ಸಾಕೆಟ್ಟಿನ ಮೂರನೆಯ ತೂತಿಗೆ ಒಂದೇ ಅಲ್ಲ. ತಂತಿಗಳು ಅದಲುಬದಲಾಗಿದ್ದರೆ ಊರಿನ ಪೂರ್ತಿ ಕರೆಂಟು ಆ ತೂತಿನಿಂದ ಹೊಸ ಪಿನ್ನಿಗೆ, ಪಿನ್ನಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹುಡುಗಿಯ ಬೆರಳ ಕೆಳಗಿನ ಉಕ್ಕಿನ ತಂತಿಗಳಿಗೆ ನೇರವಾಗಿ ಹರಿಯುತ್ತದೆ. ಎಲ್ಲೂ ಫ್ಯೂಸು ಹಾರುವುದಿಲ್ಲ. ಆ ಪಿನ್ನನ್ನು ಹಾಕಿದ್ದು ತಮ್ಮದೇ ಕೈ.

ಕೆಂಪರಾಜುವಿಗೆ ಫೋನ್ ಮಾಡಿದರು. ಗಂಟೆ ಹೊಡೆದುಕೊಂಡೇ ಇತ್ತು. ಸ್ಕೂಟರ್ ಓಡಿಸುತ್ತಿರಬಹುದು, ಅಥವಾ ಮನೆ ಸೇರಿ ಫೋನಿದ್ದ ಅಂಗಿ ಕಳಚಿರಬಹುದು.

"ಬೈಕ್ ತೆಗಿ," ಎಂದರು.

ಬೈರೇಶ್ ಹೆದ್ದಾರಿಯಲ್ಲಿ ಗಾಡಿ ಓಡಿಸಿದ. ಹಿಂದೆ ಕುಳಿತ ಆದಿನಾರಾಯಣಪ್ಪ ಮತ್ತೆ ಮತ್ತೆ ಫೋನ್ ಕಿವಿಗೆ ಹಿಡಿದರು. ಆವತಿಯ ಬೆಟ್ಟ ಕಂಡಿತು. ಬೀದಿಯ ತಿರುವಿನಲ್ಲಿ ಬೈರೇಶ್ ಗಾಡಿ ನಿಧಾನಿಸಿದಾಗ ಗಿಟಾರಿನ ಸದ್ದು ಕೇಳಿಸಿತು. ನುಡಿಸುತ್ತಿದ್ದಾಳೆ ಎಂದರೆ ಬದುಕಿದ್ದಾಳೆ. ಮರುಗಳಿಗೆಯೇ ಸ್ವರವೊಂದು ಎಳೆದುಕೊಂಡು ನಿಂತಿತು. ಮುಂದಿನದು ಬರಲಿಲ್ಲ. ಮುದುಕರ ಕೈ ಬೈರೇಶನ ಭುಜವನ್ನು ಹಿಂಡಿತು. ಆಮೇಲೆ ಇನ್ನೊಂದು ಸ್ವರ ಬಂತು.

ಬಾಗಿಲು ತೆರೆದಿತ್ತು. ಒಳಗಿನ ಕೋಣೆಯಲ್ಲಿ ಸಿಂಧು ಮರದ ಮಂಚದ ಮೇಲೆ ಚಕ್ಕಂಬಕ್ಕಲ ಹಾಕಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮಂಚದ ಸುತ್ತ ಅವಳ ಅಜ್ಜಿ ಅಮ್ಮಯಮ್ಮ ನೆಲ ಒರೆಸುತ್ತಿದ್ದರು. ಕೆಂಪು ಗಾರೆಯ ನೆಲ ನೀರಿನಿಂದ ಹೊಳೆಯುತ್ತಿತ್ತು. ಆ ಒಣ ಮರದ ಮೇಲೆ ಹುಡುಗಿ, ತಂತಿಯ ಮೇಲೆ ಕುಳಿತ ಹಕ್ಕಿಯಂತೆ, ಏನೂ ತಿಳಿಯದೆ ಇದ್ದಳು. ಒಂದು ಕಾಲು ಕೆಳಗಿಟ್ಟರೆ ಸಾಕಿತ್ತು.

ಕೂಗಿದರೆ ಬೆದರಿ ಇಳಿಯುತ್ತಾಳೆ. ಆದಿನಾರಾಯಣಪ್ಪ ಕೂಗಲಿಲ್ಲ. ಜಗಲಿಯ ಮೀಟರ್ ಹಲಗೆಯ ಕಡೆ ಕೈ ತೋರಿದರು.

"ಮೇನ್ ಸ್ವಿಚ್ ತುಕ್ಕು ಹಿಡಿದದೆ, ಅಲ್ಲಾಡಲ್ಲ," ಎಂದು ಪಿಸುಗುಟ್ಟಿ ಬೈರೇಶ್ ಚಪ್ಪಲಿ ಬಿಟ್ಟು ಜಗಲಿ ಹತ್ತಿದ. ಫ್ಯೂಸು ಕಿತ್ತ.

ದೀಪ ಆರಿತು. ಸ್ವರ ಮಾತ್ರ ಕ್ಷಣಕಾಲ ಉಳಿದು, ಕುಗ್ಗಿ, ಸತ್ತಿತು.

"ಮುಗೀತು ಬುಡಣ್ಣ."

ಆದಿನಾರಾಯಣಪ್ಪ ಉಸಿರು ಬಿಟ್ಟು, ಒಳಗೆ ಹೋಗಲು ಒಂದು ಚಪ್ಪಲಿಯಿಂದ ಕಾಲು ತೆಗೆದರು. ಹಾಗೆಯೇ ನಿಂತರು. ಆ ಹಲಗೆಯಲ್ಲಿದ್ದದ್ದು ಒಂದೇ ಫ್ಯೂಸು, ಲೈನಿನ ತಂತಿಗೆಂದು ಇಟ್ಟದ್ದು. ತಂತಿಗಳು ಅದಲುಬದಲಾದ ಮನೆಯಲ್ಲಿ ಬೈರೇಶ್ ಕಿತ್ತದ್ದು ನ್ಯೂಟ್ರಲನ್ನು. ದೀಪ ಆರುತ್ತದೆ, ಸದ್ದು ನಿಲ್ಲುತ್ತದೆ. ಮೂರನೆಯ ಪಿನ್ನಿಗೆ ಬರುವ ಕರೆಂಟು ಮಾತ್ರ ಇದ್ದಲ್ಲೇ ಇರುತ್ತದೆ.

"ಕರೆಂಟ್ ಹೋಯ್ತು ಅಜ್ಜಿ," ಎಂದಳು ಸಿಂಧು. ಮಂಚದಿಂದ ಅವಳ ಕಾಲು ಇಳಿಯುತ್ತಿತ್ತು.

"ಸಿಂಧು. ಕಾಲು ಮೇಲಿಡಮ್ಮ."

ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ದನಿ ಅದು. ಕಾಲು ನೆಲಕ್ಕೆ ಬೆರಳಗಲ ಮೇಲೆ ನಿಂತಿತು, ಮೇಲೆ ಹೋಯಿತು.

"ಗಿಟಾರ್ ಹಂಗೇ ಇರಲಿ, ಅಲ್ಲಾಡಬೇಡ. ಅಮ್ಮಯಮ್ಮ, ಅವಳನ್ನ ಮುಟ್ಟಬೇಡಿ."

ಅವರು ತೆಗೆದಿದ್ದ ಕಾಲನ್ನು ಮತ್ತೆ ತೂರಿಸಿಕೊಂಡು, ರಬ್ಬರು ಚಪ್ಪಲಿಯಲ್ಲೇ ಒದ್ದೆ ನೆಲ ದಾಟಿದರು.

"ಒರೆಸಿದ ನೆಲದ ಮೇಲೆ ಚಪ್ಪಲೀಲಿ ಬರ್ತೀಯಲ್ಲಪ್ಪ, ಕಣ್ ಕಾಣಲ್ವಾ?" ಎಂದರು ಅಮ್ಮಯಮ್ಮ.

ಆದಿನಾರಾಯಣಪ್ಪ ಜೇಬಿನ ಟೆಸ್ಟರನ್ನು ಆಂಪ್ಲಿಫೈಯರಿನ ಲೋಹದ ಮೂಲೆಗೆ ಮುಟ್ಟಿಸಿದರು. ಕರೆಂಟು ಹೋದ ಮನೆಯ ಕತ್ತಲಲ್ಲಿ ಟೆಸ್ಟರಿನೊಳಗೆ ಕೆಂಪು ಕಿಡಿ ಹೊತ್ತಿತು. ಅಜ್ಜಿಯ ಬೈಗುಳ ಅಲ್ಲಿಗೇ ನಿಂತಿತು. ಗಿಟಾರಿನ ತಂತಿಗೆ ಮುಟ್ಟಿಸಿದರು. ಹುಡುಗಿಯ ಬೆರಳ ಪಕ್ಕದಲ್ಲೇ ಅದೇ ಕೆಂಪು. ಅವಳು ಅದನ್ನು ನೋಡುತ್ತಿದ್ದಳು.

ಪ್ಲಗ್ಗಿನ ಪ್ಲಾಸ್ಟಿಕ್ಕನ್ನು ಹಿಡಿದು ಎಳೆದರು. ಮತ್ತೆ ಟೆಸ್ಟರ್ ಮುಟ್ಟಿಸಿದರು. ಕತ್ತಲೆ.

"ಈಗ ಇಳಿ."

ಸಿಂಧು ಇಳಿಯಲಿಲ್ಲ. ಮೊಣಕಾಲುಗಳನ್ನು ಇನ್ನಷ್ಟು ಎದೆಗೆಳೆದುಕೊಂಡಳು. ಹಿತ್ತಲಿನಿಂದ ಮುಖ ಒರೆಸಿಕೊಳ್ಳುತ್ತಾ ಬಂದ ಕೆಂಪರಾಜು ಒಬ್ಬೊಬ್ಬರ ಮುಖವನ್ನೂ ನೋಡಿದ. ಅಮ್ಮಯಮ್ಮ ಮೊಮ್ಮಗಳ ಕಡೆ ಕೈ ಚಾಚಿ, ಮುಟ್ಟಬಹುದೇ ಎಂದು ಆದಿನಾರಾಯಣಪ್ಪನವರನ್ನು ಕಣ್ಣಲ್ಲೇ ಕೇಳಿದರು. ಅವರು ತಲೆಯಾಡಿಸಿದ ಮೇಲೆಯೇ ಮುಟ್ಟಿದರು.

ಜಗಲಿಯಲ್ಲಿ ಬೈರೇಶ್ ಕಿತ್ತ ಫ್ಯೂಸನ್ನು ಹಿಡಿದೇ ಕುಸಿದು ಕುಳಿತಿದ್ದ.

"ಹೊಸ ವೈರು ಇದೊಂದೇ ಮನೆಗೆ ತಾನೆ?" ಎಂದು ಆದಿನಾರಾಯಣಪ್ಪ ಕೇಳಿದರು.

ಅವನು ತಲೆ ಎತ್ತಲಿಲ್ಲ. "ಪಕ್ಕದ ಲಕ್ಕಮ್ಮನ ಮನೆಗೂ ಎಳೆದೆ. ಗ್ರೈಂಡರ್ ಸಾಕೆಟ್ಟೂ ಇದೇ ತರ."

ಗೋಡೆಯಾಚೆ ಲಕ್ಕಮ್ಮ ಹಿಟ್ಟಿಗೆ ಅಕ್ಕಿ ತೊಳೆಯುತ್ತಿದ್ದ ನೀರಿನ ಸದ್ದು ಬರುತ್ತಿತ್ತು. ಅದು ನಿಂತಿತು. ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. ಗ್ರೈಂಡರ್ ಗುರುಗುಟ್ಟತೊಡಗಿತು.

ಬೈರೇಶ್ ಎದ್ದು ಬರಿಗಾಲಲ್ಲಿ ಓಡಲು ಹೊರಟ. ಆದಿನಾರಾಯಣಪ್ಪ ಅವನ ತೋಳು ಹಿಡಿದರು.

"ಚಪ್ಪಲಿ ಹಾಕ್ಕೊಳ್ಳೋ."