ವಾಪಸ್ ಟಿಕೆಟ್, ಎರಡು ಸೀಟು

ನಮ್ಮ ಮನೆತನದಲ್ಲಿ ಯಾವುದನ್ನಾದರೂ ಬೇಡ ಅನ್ನಿಸಬೇಕಾದಾಗ ನನ್ನನ್ನು ಮುಂದೆ ಮಾಡುತ್ತಾರೆ. ಇದು ನನಗೆ ಗೊತ್ತಾದದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, ಪುಣೆಯ ಒಂದು ಬಸ್ ಸ್ಟಾಪಿನಲ್ಲಿ.

ನನ್ನ ಹೆಸರು ಸುಮನ. ತೇರದಾಳದ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಟೀಚರಾಗಿದ್ದೆ. ಐಬು ಹುಡುಕುವುದರಲ್ಲಿ ನನ್ನ ಕೀರ್ತಿ ಬನಹಟ್ಟಿಯವರೆಗೂ ಹಬ್ಬಿದೆ. ಬೀಗರ ಊಟದಲ್ಲಿ ಹೆಚ್ಚಾದ ಉಪ್ಪು, ರಬಕವಿ ಸೀರೆಯ ಅಂಚಿನಲ್ಲಿ ತಪ್ಪಿದ ಒಂದು ಎಳೆ, ನೆಂಟರ ಹೊಸ ಮನೆಯ ಸೊಟ್ಟ ಕಿಟಕಿ, ಯಾವುದೂ ನನ್ನ ಕಣ್ಣು ತಪ್ಪಿಸುವುದಿಲ್ಲ. ಒಂದು ಕಾಲಕ್ಕೆ ನನಗೂ ನಾಲ್ಕು ವರ ಬಂದಿದ್ದರು. ನಾಲ್ವರಲ್ಲೂ ಒಂದೊಂದು ಐಬು ಕಂಡೆ. ಐದನೆಯವನು ಬರಲಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ ಎಂದರೆ ಅರ್ಧ ಸುಳ್ಳಾಗುತ್ತದೆ.

ನನ್ನ ತಮ್ಮ ಪದ್ಮರಾಜ ಕಬ್ಬು, ಅರಿಷಿಣ ಬೆಳೆಯುತ್ತಾನೆ. ಅವನ ಮಗಳು ಉಜ್ವಲಾ ದಿನಾ ಜಮಖಂಡಿಗೆ ಬಸ್ಸಿನಲ್ಲಿ ಓಡಾಡಿ ಬಿ.ಫಾರ್ಮಾ ಮುಗಿಸಿದವಳು. ಕಳೆದ ಫೆಬ್ರುವರಿಯಲ್ಲಿ ಅವಳು ಅಪ್ಪನ ಮುಂದೆ ಮಾತು ತೆಗೆದಾಗ ನಾನೂ ಅಲ್ಲೇ ಕುಳಿತು ಅವಲಕ್ಕಿಯಲ್ಲಿ ಹರಳು ಹುಡುಕುತ್ತಿದ್ದೆ.

"ಅಪ್ಪಾ, ತೇರದಾಳದ ಅಡ್ರೆಸ್ ಬರದ್ರ ಯಾವ ಕಂಪನಿನೂ ಕರ್ಯಾಂಗಿಲ್ಲ. ನಾಳೆ ಬರ್ತೀಯೇನು ಅಂತ ಕೇಳ್ತಾರ. ಮದಲ ಪುಣೆದಾಗ ರೂಮ್ ಮಾಡಿ ಕುಂದ್ರಬೇಕ. ಆಮ್ಯಾಲ ಕೆಲಸ."

ಪದ್ಮರಾಜ ಸಿಟ್ಟು ಮಾಡಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಚಹಾ ಪೂರ್ತಿ ಕುಡಿದು ಹೇಳಿದ.

"ಹೋಗು. ಅಕ್ಕ ನಿನ್ನ ಕೂಡ ಬರ್ತಾಳ. ಎರಡ ದಿನ ಮನಿ ನೋಡ್ರಿ. ಅಕ್ಕ ಹೂಂ ಅಂದ ಮನಿ ಸಿಕ್ಕರ ಅಲ್ಲೇ ಇರು. ಸಿಗಲಿಲ್ಲಂದ್ರ ರವಿವಾರ ಅಕೀ ಕೂಡ ತಿರಗಿ ಬಾ. ಜಮಖಂಡ್ಯಾಗ ಮಾಮಾನ ಔಷಧ ಅಂಗಡಿ ಐತಿ, ಅಲ್ಲೇ ಕುಂದ್ರು. ಮತ್ತ ಪುಣೆ ಮಾತು ತಗೀಬ್ಯಾಡ."

ಎಷ್ಟು ದೊಡ್ಡ ಮನಸ್ಸಿನ ಅಪ್ಪ ಎಂದುಕೊಂಡೆ. ನನ್ನ ಮೇಲೆ ಎಷ್ಟು ನಂಬಿಕೆ ಎಂದೂ ಅಂದುಕೊಂಡು ಸ್ವಲ್ಪ ಉಬ್ಬಿದೆ. ಉಜ್ವಲಾ ಮಾತ್ರ ಒಂದು ಸಲ ನನ್ನ ಮುಖ ನೋಡಿ ಎದ್ದು ಹೋದಳು.

ಶುಕ್ರವಾರ ಹೊರಟು ಸಂಜೆಗೆ ಪುಣೆ ತಲುಪಿ, ನಮ್ಮ ಸಮಾಜದವರ ಧರ್ಮಶಾಲೆಯಲ್ಲಿ ಇಳಿದುಕೊಂಡೆವು. ನನ್ನ ಮೊದಲ ಷರತ್ತು ಅಲ್ಲೇ ಹೇಳಿಬಿಟ್ಟೆ: ಅಡುಗೆಮನೆಗೆ ಪಡುವಣ ದಿಕ್ಕಿನ ಕಿಟಕಿ ಇರಬೇಕು. ನಾವು ದಿಗಂಬರ ಜೈನರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ತುತ್ತು ಹಾಕುವುದಿಲ್ಲ. ತೇರದಾಳದಲ್ಲಿ ನನ್ನ ಅಡುಗೆಮನೆಯ ಕಿಟಕಿಯಿಂದ ಸೂರ್ಯ ಕಬ್ಬಿನ ಮೇಲೆ ಎಷ್ಟು ಮೊಳ ಇದ್ದಾನೆ ಎಂದು ನೋಡುತ್ತಲೇ ನಾನು ಉಣ್ಣುತ್ತೇನೆ. ಸೂರ್ಯ ಕಾಣದ ಮನೆಯಲ್ಲಿ ಈ ಹುಡುಗಿ ನೇಮ ಬಿಡಲು ಎಷ್ಟು ದಿನ ಬೇಕು?

ಶನಿವಾರ ಐದು ಮನೆ ನೋಡಿದೆವು. ಎರಡು ಮನೆಯವರು ಬಾಗಿಲಲ್ಲೇ ಕಂಪನಿಯ ಗುರುತಿನ ಕಾರ್ಡು ಕೇಳಿದರು. ಕೆಲಸ ಇಲ್ಲ ಎಂದ ತಕ್ಷಣ ರೂಮೂ ಇಲ್ಲ ಎಂದರು. ಮನೆ ಇಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಮನೆ ಇಲ್ಲ. ಈ ಊರಿನ ರೀತಿ ನನಗೆ ಅರ್ಥವಾಗಲಿಲ್ಲ. ಇನ್ನೊಂದು ಕಡೆ ಒಳಗೆ ಕಾಲಿಡುವಷ್ಟರಲ್ಲಿ ಮೊಟ್ಟೆ ಕುದಿಯುವ ವಾಸನೆ ಬಂತು, ತಿರುಗಿ ಇಳಿದೆ. ಉಳಿದೆರಡು ಮನೆಯವರು ಕೊಡಲು ತಯಾರಿದ್ದರು. ಬಸದಿಯ ಹತ್ತಿರದ ಮನೆಗೆ ಪಡುವಣ ಕಿಟಕಿಯೂ ಇತ್ತು, ಆದರೆ ಪಾಯಖಾನೆ ಅಡುಗೆ ಕಟ್ಟೆಯ ಮಗ್ಗುಲಲ್ಲೇ. ಮತ್ತೊಂದರ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. ಎರಡಕ್ಕೂ ಬೇಡ ಎಂದೆ. ಉಜ್ವಲಾ ಪ್ರತಿ ಸಲವೂ "ಆತು ರಿ ಅತ್ಯಾ" ಎಂದು ಕೆಳಗಿಳಿದಳು.

ರವಿವಾರ ಅವಳು ನನ್ನನ್ನು ನಾಶಿಕ್ ಫಾಟಾ ಎಂಬಲ್ಲಿಗೆ ಕರೆದುಕೊಂಡು ಹೋದಳು. "ಕೆಲಸ ಯಾವ ದಿಕ್ಕಿಗೆ ಸಿಗತೈತಿ ಇನ್ನಾ ಗೊತ್ತಿಲ್ಲರಿ. ಇಲ್ಲಿಂದ ಆದ್ರ ಎಲ್ಲಾ ಕಡೆ ಹೋಗಬಹುದು. ಚಾಕಣಕ್ಕ ಬಸ್, ಊರಾಗ ಮೆಟ್ರೊ, ಪಿಂಪ್ರಿಗೆ ನಡದ ಹೋಗೂದು."

"ನಮ್ಮ ಜಮಖಂಡಿ ಸ್ಟ್ಯಾಂಡ್ ಇದ್ದಂಗ ಅನ್ನು. ಮುಧೋಳಕ್ಕೂ ಸೈ, ಬೀಳಗಿಗೂ ಸೈ."

"ಹಂಗ ರಿ," ಎಂದು ಮೊದಲ ಸಲ ನಕ್ಕಳು.

ಮನೆ ಮೂರನೆಯ ಮಹಡಿಯಲ್ಲಿತ್ತು. ಮಾಲಕಿ ಶಿಂದೆ ಕಾಕು ನಮ್ಮನ್ನು ಕೂರಿಸಿ ನೀರು ಕೊಟ್ಟಳು. ನಾವು ಗಡಿ ಸೀಮೆಯವರು, ಮರಾಠಿ ಬಲ್ಲೆವು. ಕೆಲಸ ಎಲ್ಲಿ ಎಂದು ಅವಳೂ ಕೇಳಿದಳು. ಇನ್ನೂ ಹುಡುಕಬೇಕು ಎಂದಳು ಉಜ್ವಲಾ. "ಹುಡುಕೋಕೆ ಬಂದಿದ್ದೀಯಲ್ಲ, ಸಾಕು" ಎಂದಳು ಕಾಕು. ಪಕ್ಕದ ರೂಮಿನಲ್ಲಿ ಇಬ್ಬರು ನರ್ಸ್ ಹುಡುಗಿಯರು ಬಟ್ಟೆ ಮಡಚುತ್ತಿದ್ದರು. ನಾನು ಎದ್ದು ನನ್ನ ಕೆಲಸ ಶುರು ಮಾಡಿದೆ. ನಲ್ಲಿ ತೊಟ್ಟಿಕ್ಕುತ್ತಿತ್ತು. ನೆಲದ ಒಂದು ಫರಸಿ ಒಡೆದಿತ್ತು. ಕಪಾಟಿನ ಬಾಗಿಲು ಕೂರುತ್ತಿರಲಿಲ್ಲ. ಒಟ್ಟು ಹನ್ನೊಂದು ಐಬು ಎಣಿಸಿದೆ. ಹನ್ನೊಂದನೆಯದು ಕಿಟಕಿ: ಮೂಡಣಕ್ಕಿತ್ತು, ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಸೂರ್ಯ ಮುಳುಗುವುದಿರಲಿ, ಹುಟ್ಟುವುದೂ ಕಾಣದು.

"ನೋಡಿ ಹೇಳ್ತೀವಿ" ಎಂದು ಕೆಳಗಿಳಿದು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕುಳಿತೆ. ನಾಲಿಗೆಯ ತುದಿಯಲ್ಲಿ ಬೇಡ ಎಂಬ ಮಾತು ತಯಾರಿತ್ತು. ಅಷ್ಟರಲ್ಲಿ ಪದ್ಮರಾಜನ ಮೆಸೇಜ್ ಬಂತು. ರಾತ್ರಿ ಎಂಟೂವರೆಯ ಬಸ್ಸಿನ ಟಿಕೆಟ್. ಹೆಸರು ಎರಡು, ಸೀಟು ಎರಡು. ಬುಕ್ ಮಾಡಿದ್ದು ಗುರುವಾರ. ನಾವು ಊರು ಬಿಡುವುದಕ್ಕೆ ಒಂದು ದಿನ ಮೊದಲು.

ಫೋನ್ ಹಚ್ಚಿದೆ. "ಎರಡ ಸೀಟ ಯಾಕೋ ಪದ್ಮಾ?"

ಅವನು ನಕ್ಕ. "ನೀ ಒಂದ ಮನಿ ಒಪ್ಪೂದು ಉಂಟೇನಕ್ಕಾ? ನಾ ಬ್ಯಾಡ ಅಂದಿದ್ರ ಹುಡುಗಿ ವರ್ಷಗಟ್ಟಲೆ ಮಾರಿ ಬಿಗಿತಿದ್ಲು. ಈಗ ಅಕೀನೇ ಕಣ್ಣಾರೆ ನೋಡಿ ಬಂದಂಗಾತು. ಬರ್ರಿ."

ನನಗೆ ಮೈಯೆಲ್ಲ ಉರಿಯಿತು. ಬಿತ್ತುವಾಗ ಕೂರಿಗೆ ತರುವ ಹಾಗೆ ಅವನು ಈ ಕೆಲಸಕ್ಕೆ ನನ್ನನ್ನು ತಂದಿದ್ದ, ನಾನು ಉಬ್ಬಿಕೊಂಡು ಬಂದಿದ್ದೆ. ಈಗಲೇ ಹೂಂ ಅಂದುಬಿಡಲೇ ಅನ್ನಿಸಿತು. ಆದರೆ ತಮ್ಮನ ಮೇಲಿನ ಸಿಟ್ಟಿಗೆ ಹುಡುಗಿಯನ್ನು ಗೊತ್ತಿಲ್ಲದ ಊರಲ್ಲಿ ಬಿಟ್ಟು ಹೋಗುವುದು ಯಾವ ಜಾಣತನ? ಫೋನ್ ಕೆಳಗಿಟ್ಟೆ. ಮಗ್ಗುಲಲ್ಲೇ ಕುಳಿತಿದ್ದ ಉಜ್ವಲಾ ಎಲ್ಲ ಕೇಳಿಸಿಕೊಂಡಿದ್ದಳು.

"ನನಗ ಗೊತ್ತಿತ್ತರಿ ಅತ್ಯಾ."

"ಗೊತ್ತಿದ್ದೂ ಯಾಕ ಬಂದಿ?"

"ನೀವ ಒಮ್ಮೆರೆ ಹೂಂ ಅಂತೀರೇನೋ ಅಂತ."

ಬಸ್ಸುಗಳು ಬಂದವು, ಹೋದವು. ಚಾಕಣದ್ದು, ಊರೊಳಗಿನದು, ನನಗೆ ಓದಲು ಬಾರದಷ್ಟು ಬೇಗ ಹೋಗುವವು. ಎಷ್ಟು ಹೊತ್ತು ಹಾಗೇ ಕುಳಿತಿದ್ದೆನೋ ತಿಳಿಯದು. ಅವಳ ಫೋನಿನಲ್ಲಿ ಸಣ್ಣಗೆ ಗಂಟೆ ಹೊಡೆಯಿತು. ಅವಳು ಅದನ್ನು ನಿಲ್ಲಿಸಿ, ಚೀಲದಿಂದ ಡಬ್ಬಿ ತೆಗೆದು, ಕಡಕ್ ರೊಟ್ಟಿ ಮುರಿದು, ಅದರ ಮೇಲೆ ಅಗಸಿ ಹಿಂಡಿ ಚಟ್ನಿಪುಡಿ ಹಾಕಿ ನನ್ನ ಕೈಗೆ ಕೊಟ್ಟಳು.

"ತಿನ್ರಿ ಅತ್ಯಾ. ಹೊತ್ತ ಮುಳಗಾಕ ಇನ್ನ ಅರ್ಧ ತಾಸ ಐತಿ."

ತಲೆ ಎತ್ತಿ ನೋಡಿದೆ. ಮೇಲೆ ಮೆಟ್ರೊ ಸೇತುವೆ, ಸುತ್ತ ಕಟ್ಟಡಗಳು. ಸೂರ್ಯ ಯಾವ ಕಡೆ ಇದ್ದಾನೆ ಎಂದೇ ಗೊತ್ತಾಗುವಂತಿರಲಿಲ್ಲ. ಐವತ್ತು ವರ್ಷದ ನೇಮದವಳು ನಾನು, ಅವತ್ತು ಮರೆತಿದ್ದೆ.

"ಇದೇನ ಗಂಟಿ?"

"ಹೊತ್ತ ಮುಳಗೂ ಮದಲ ಹೊಡೀತೈತ್ರಿ. ಕಾಲೇಜಿಗೆ ಹೋಗೂವಾಗಿಂದ ಐತಿ. ಸಂಜಿ ಬಸ್ ತಡಾ ಮಾಡತಿತ್ತಲ್ಲ, ಬಸ್ಸಿನಾಗ ನಿಂತ ಉಣತಿದ್ನಿ."

ನಾಲ್ಕು ವರ್ಷ ಅವಳ ಡಬ್ಬಿ ಖಾಲಿಯಾಗಿ ಮನೆಗೆ ಬರುವುದನ್ನು ನೋಡಿದ್ದೆ. ಸರಿಯಾಗಿ ತೊಳೆದಿಲ್ಲ ಎಂದು ಬೈದೂ ಇದ್ದೆ. ಅವಳು ಮನೆಗೆ ಬಂದು ಉಣ್ಣದೆ ಮಲಗಿದರೆ ಮಧ್ಯಾಹ್ನ ಹೋಟೆಲಿನಲ್ಲಿ ಏನೋ ತಿಂದಿರಬೇಕು ಎಂದುಕೊಂಡಿದ್ದೆ. ಎಲ್ಲರ ಐಬು ಕಾಣುವ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ. ನಾಚಿಕೆಯಾಯಿತು. ಆ ರೊಟ್ಟಿಯನ್ನು ನಿಧಾನವಾಗಿ ತಿಂದೆ, ಉಪ್ಪು ಸರಿಯಾಗಿತ್ತು.

ಕೈ ತೊಳೆದುಕೊಂಡು ಮತ್ತೆ ಮೂರು ಮಹಡಿ ಹತ್ತಿದೆವು. ಶಿಂದೆ ಕಾಕುವಿಗೆ ನಲ್ಲಿ ರಿಪೇರಿ ಮಾಡಿಸಲು ಹೇಳಿದೆ. ಹೂಂ ಅಂದಳು. ಕಪಾಟಿನ ಬಾಗಿಲಿಗೂ ಹೂಂ ಅಂದಳು. ಅವಳ ಮುಂದೆಯೇ ತಮ್ಮನಿಗೆ ಫೋನ್ ಹಚ್ಚಿದೆ.

"ಪದ್ಮಾ, ಮನಿ ಸಿಕ್ತು. ಹುಡುಗಿ ಇಲ್ಲೇ ಇರ್ತಾಳ."

ಅವನು ಕೇಳಿದ. "ಐಬು ಏನೂ ಇಲ್ಲೇನಕ್ಕಾ?"

"ಹನ್ನೊಂದ ಅದಾವ. ಮನಿ ಏನ್ ಛಲೋ ಇಲ್ಲ. ಇರಾಕಿ ಛಲೋ ಅದಾಳ. ಅಕೀದೊಳಗ ನನಗ ಒಂದೂ ಸಿಗಲಿಲ್ಲ."

ಉಜ್ವಲಾ ಗೋಡೆಯ ಕಡೆ ತಿರುಗಿ ನಿಂತಳು. ನಾನೂ ಅವಳ ಮುಖ ನೋಡಲು ಹೋಗಲಿಲ್ಲ.

ಎಂಟೂವರೆಗೆ ಬಸ್ಸು ಬಂತು. ನನ್ನನ್ನು ಹತ್ತಿಸಿ, ಬಾಟಲಿಯಲ್ಲಿ ನೀರಿದೆಯೇ ನೋಡಿ, ಅವಳು ಇಳಿದು ರಸ್ತೆ ದಾಟಿದಳು. ನಾನು ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಟ್ಟುಕೊಂಡೆ. ಕಂಡಕ್ಟರ್ ಕೈಯಲ್ಲಿನ ಪಟ್ಟಿ ನೋಡುತ್ತ ಬಂದ.

"ಇಬ್ಬರ ಹೆಸರ ಐತಲ್ರಿ. ಇನ್ನೊಬ್ಬರು ಎಲ್ಲಿ?"

"ಅಕಿ ಮನಿಗೆ ಹೋದ್ಲಪ್ಪಾ" ಎಂದೆ.