ಜಗಳದ ಹಾಳೆ

"ಕೊಡಮ್ಮ ಇಲ್ಲಿ," ಎಂದು ಭಾವ ಕೈ ಚಾಚುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಕಾಗದವನ್ನು ಬೆನ್ನ ಹಿಂದೆ ಸರಿಸಿಬಿಟ್ಟಿದ್ದರು.

"ನಾನಿನ್ನೂ ಓದಿಲ್ಲ."

"ಓದೋದೇನು ಬಂತು? ತಂದವಳು ಯಾರು ಅಂತ ನೋಡಿದ್ಯಲ್ಲ. ಮಗಳ ಒಂದು ವರ್ಷ ಹಾಳು ಮಾಡಿದ್ರಿ ಅಂತ ಇವಳಪ್ಪ ಇದೇ ಬಾಗಿಲಲ್ಲಿ ನಿಂತು ನನ್ನ ತಮ್ಮನ ಮೇಲೆ ಕೂಗಾಡಿದ್ದ. ಸತ್ತ ಮನೇಲೂ ಅದೇ ರಾಗ ಬೇಕಾ?"

ಹಜಾರದ ನಡುವೆ ಮೇಷ್ಟ್ರು ಮಲಗಿದ್ದರು. ಮೂವತ್ತೆರಡು ವರ್ಷ ಭಾಷೆಯ ಪಾಠ ಹೇಳಿದ ಬಾಯಿ ಮುಚ್ಚಿತ್ತು. ಶವದ ಗಾಡಿ ಹನ್ನೊಂದಕ್ಕೆ ಹೊರಡಬೇಕು. ಚಾಲಕ ಎರಡು ಸಲ ಒಳಗೆ ಇಣುಕಿ ಹೋಗಿದ್ದ. ಎರಡು ಮಾತಾಡಲೆಂದು ಶಾಲೆಯ ಹೆಡ್‌ಮಿಸ್ಸು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕಾಗದ ತಂದವಳು ಬಾಗಿಲ ಬಳಿ ನೆಟ್ಟಗೆ ನಿಂತಿದ್ದಳು. ಹುಟ್ಟಿನಿಂದ ಅವಳಿಗೆ ಕಿವಿ ಕೇಳದು. ಈಗ ಹೊಲಿಗೆ ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಯಾರು ಬಾಯಿ ತೆರೆದರೂ ಅವಳ ಕಣ್ಣು ಅವರ ತುಟಿಗೆ ಹೋಗುತ್ತಿತ್ತು. ಭಾವನ ಮಾತಷ್ಟೂ ಅವಳಿಗೆ ಕಂಡಿತ್ತು.

*

ಹನ್ನೆರಡು ವರ್ಷದ ಹಿಂದೆ, ಇವಳು ಮೇಷ್ಟ್ರ ತರಗತಿಯಲ್ಲಿದ್ದಾಗ, ಕಿವುಡ ಮಕ್ಕಳಿಗೆ ಭಾಷೆಯ ಪರೀಕ್ಷೆಯಿಂದ ವಿನಾಯಿತಿ ಇತ್ತು. ಮೇಷ್ಟ್ರು ಒಂದು ಸಹಿ ಹಾಕಿದ್ದರೆ ಮುಗಿಯುತ್ತಿತ್ತು.

"ಎಲ್ರೂ ಹಾಕ್ತಾರಲ್ರೀ," ಎಂದಿದ್ದರು ಹೆಂಡತಿ.

"ವಿನಾಯಿತಿ ಅಂದ್ರೇನು ಗೊತ್ತೇನೆ? ನೀನು ಆಚೆ ಕೂತ್ಕೋ ಅಂತ."

ಹುಡುಗಿಯನ್ನು ಎಲ್ಲರ ಜೊತೆ ಮುಂದಿನ ಬೆಂಚಿನಲ್ಲೇ ಕೂರಿಸಿದರು. ಬೇರೆ ಮಕ್ಕಳು ಬೈದು ಬೈಸಿಕೊಂಡೇ ಅರ್ಧ ಭಾಷೆ ಕಲಿತುಬಿಡುತ್ತಾರೆ, ಇವಳಿಗೆ ಆ ಭಾಗ್ಯವಿಲ್ಲ ಎಂದು ದಿನಕ್ಕೊಂದು ಜಗಳ ಬರೆದು ತರಲು ಹೇಳಿದರು. ಅವಳ ಜಗಳದ ಕೆಳಗೆ ಇವರ ಎದುರುತ್ತರ. ಊಟಕ್ಕೆ ಕೂತಾಗ ಹೆಂಡತಿಗೆ ತೋರಿಸಿ ನಗುವರು: "ನೋಡೇ, ನನ್ನನ್ನ ಬೋಳುತಲೆ ಮುದುಕ ಅಂದಿದ್ದಾಳೆ. ಇವತ್ತು ಸ್ವಲ್ಪ ಖಾರ ಹತ್ತಿದೆ!"

ಆದರೂ ಆ ವರ್ಷ ಅವಳು ನಪಾಸಾದಳು. ಗೆಳತಿಯರೆಲ್ಲ ಮುಂದೆ ಹೋದರು. ಮರುವರ್ಷ ಪಾಸಾಗಿ ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹೋದ ವಾರ ಆಸ್ಪತ್ರೆಯ ಮಂಚದ ಮೇಲೆ ಮೇಷ್ಟ್ರು ಕೇಳಿದ್ದರು: "ಆ ಹುಡುಗಿಗೆ ಅನ್ಯಾಯ ಮಾಡಿದ್ನೇನೇ?"

"ನೀರು ಕುಡೀರಿ," ಎಂದು ಹೆಂಡತಿ ಲೋಟ ಮುಂದೆ ಹಿಡಿದಿದ್ದರು.

*

"ಹೆಡ್‌ಮಿಸ್ಸು ಶುರು ಮಾಡ್ಲಿ," ಎಂದರು ಭಾವ.

"ಮೊದಲು ಇದು. ಅವರಿಗೆ ಬಂದ ಕಾಗದ, ಅವರ ಮುಂದೇನೇ ಓದ್ತೀನಿ."

"ಇಷ್ಟು ಜನರೆದುರು ಮಾನ ಹೋಗುತ್ತೆ ಕಣಮ್ಮ!"

"ಹೋದ್ರೆ ಹೋಗ್ಲಿ ಭಾವ. ನಂಗೆ ಗೊತ್ತಾಗ್ಬೇಕು."

ಹುಡುಗಿ ಬಂದು ತುಟಿ ಕಾಣುವಷ್ಟು ಹತ್ತಿರ ನಿಂತಳು. ಹೆಂಡತಿ ಕಾಗದ ಬಿಡಿಸಿ ಓದತೊಡಗಿದರು.

"ಮೇಷ್ಟ್ರೇ, ನಿಮ್ಮಂಥ ಹಠಮಾರಿಯನ್ನು ನಾನು ಕಂಡಿಲ್ಲ. ನಿಮ್ಮ ಹಠಕ್ಕೆ ನಾನು ಚಿಕ್ಕ ಮಕ್ಕಳ ಜೊತೆ ಇನ್ನೊಂದು ವರ್ಷ ಕೂರಬೇಕಾಯಿತು. ಅಪ್ಪ ನಿಮ್ಮ ಬಾಗಿಲಲ್ಲಿ ಕೂಗಾಡಿದ. ನಾನು ಮನೆಯಲ್ಲಿ ತಟ್ಟೆ ಒಡೆದೆ."

ಭಾವ ತಲೆ ತಗ್ಗಿಸಿದರು. ಯಾರೋ ಕೆಮ್ಮಿದರು. ಹೆಂಡತಿ ಮುಂದುವರಿಸಿದರು.

"ಹೋದ ತಿಂಗಳು ಕಾರ್ಖಾನೆಯಲ್ಲಿ ನಮ್ಮನ್ನು, ಆರು ಜನ ಕಿವುಡರನ್ನು, ಕೆಲಸದಿಂದ ತೆಗೆಯಲು ಹೊರಟರು. ನಾನು ಎರಡು ಪುಟ ಜಗಳ ಬರೆದೆ. ಯಾವ ವಕೀಲರ ಹತ್ತಿರ ಬರೆಸಿದಿರಿ ಎಂದು ಮ್ಯಾನೇಜರು ಕೇಳಿದರು. ಆರು ಜನರೂ ಕೆಲಸದಲ್ಲಿದ್ದೇವೆ."

ಹಜಾರವೆಲ್ಲ ಉಸಿರು ಬಿಟ್ಟಿತು. ಹೆಂಡತಿಯ ಕಣ್ಣು ತುಂಬಿ ಬಂತು. ಕೇಳಿದಿರಾ ಎನ್ನುವಂತೆ ಗಂಡನ ಮುಖ ನೋಡಿ ಮತ್ತೆ ಕಾಗದಕ್ಕೆ ಬಂದರು. ಮುಂದಿನ ಸಾಲನ್ನು ಕಂಡು ತಡವರಿಸಿದರು. ಅದನ್ನು ಬಿಟ್ಟು ಕೊನೆಯದಕ್ಕೆ ಹೋದರು.

"ಇದರ ಕೆಳಗೆ ಎದುರುತ್ತರ ಬರೆಯಲು ನೀವಿಲ್ಲ..."

ಹುಡುಗಿ ಅವರ ಮಣಿಕಟ್ಟು ಹಿಡಿದಳು. ಬಿಟ್ಟ ಸಾಲಿನ ಮೇಲೆ ಬೆರಳಿಟ್ಟಳು.

"ಸಾಕಮ್ಮ, ಗಾಡಿಗೆ ಹೊತ್ತಾಯ್ತು," ಎಂದರು ಭಾವ.

ಬೆರಳು ಕದಲಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಯೆತ್ತಿ, ಹುಡುಗಿಗೆ ಕಾಣುವಂತೆ ಒಂದೊಂದೇ ಮಾತು ಬಿಡಿಸಿ ಓದಿದರು:

"ಆದರೆ ಆ ವರ್ಷಕ್ಕೆ ನಾನು ನಿಮ್ಮನ್ನು ಕ್ಷಮಿಸಿಲ್ಲ."

ಹುಡುಗಿ ಅವರ ತುಟಿ ನಿಲ್ಲುವವರೆಗೂ ನೋಡಿದಳು. ಆಮೇಲೆ ಬೆರಳನ್ನು, ಮುಂದೆ ಓದಿ ಎನ್ನುವಂತೆ, ಅರ್ಧಕ್ಕೆ ನಿಂತಿದ್ದ ಕೊನೆಯ ಸಾಲಿಗೆ ಸರಿಸಿದಳು.